ವೀಸಾದ ಮೇಲಿನ ಕುಂಕುಮ

ಅತ್ತೆಗೆ ಐರ್ಲೆಂಡಿನ ವೀಸಾ ಸಿಕ್ಕಿದ್ದು ಎರಡನೆಯ ಸಲಕ್ಕೆ. ನನ್ನ ಮಗಳು ಹುಟ್ಟಿದಾಗ, ಬಾಣಂತನಕ್ಕೆ ಬರಲಿ ಎಂದು ಮೊದಲ ಅರ್ಜಿ ಹಾಕಿದ್ದೆವು. ನಾವು ಕಳಿಸಿದ್ದ ಕಾಗದಗಳು ಸಾಲದೆ ಅದು ವಾಪಸು ಬಂತು. ಮೈಸೂರಿನಲ್ಲಿ ಅಂಟಿನುಂಡೆಗೆಂದು ಕೊಂಡಿಟ್ಟಿದ್ದ ಕೊಬ್ಬರಿ, ಉತ್ತುತ್ತೆ, ಅಂಟು ಎಲ್ಲವನ್ನೂ ಅತ್ತೆ ಎದುರು ಮನೆಯ ಬಾಣಂತಿಗೆ ಕೊಟ್ಟು ಸುಮ್ಮನಾಗಿಬಿಟ್ಟರಂತೆ. ಆಮೇಲೆ ಎಂಟು ವರ್ಷ ಆ ಮಾತೇ ಎತ್ತಲಿಲ್ಲ. ಮಾವನವರಿಗಂತೂ ವಿಮಾನವೆಂದರೆ ಭಯ. ಹಾಗಾಗಿ ಮತ್ತೆ ಅರ್ಜಿ ಹಾಕಿ, ವೀಸಾ ಬಂದು, ಅತ್ತೆ ಒಬ್ಬರೇ ಡಬ್ಲಿನ್‌ನಲ್ಲಿ ಇಳಿದಾಗ, ಅವರ ಕೈಯಲ್ಲಿದ್ದ ಆ ಪಾಸ್‌ಪೋರ್ಟು ನಮ್ಮ ಮನೆಗೆ ಬರಿಯ ಕಾಗದವಾಗಿರಲಿಲ್ಲ.

ನಾವಿರುವುದು ಡಬ್ಲಿನ್ನಿನ ಸ್ಯಾಂಡಿಫರ್ಡ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಡುಗೆಮನೆಯ ಗೋಡೆಯ ಕಪಾಟಿನ ಒಂದು ಖಾನೆಯೇ ನಮ್ಮ ದೇವರಮನೆ. ಅದರ ಕೆಳಗೆ ಕೆಟಲ್. ಹೊಗೆಯ ಅಲಾರಂ ಕೂಗುತ್ತದೆಂದು ಊದುಬತ್ತಿಯನ್ನು ಹಚ್ಚದೆ ಸುಮ್ಮನೆ ಸಿಕ್ಕಿಸಿಟ್ಟಿರುತ್ತೇನೆ. ಅತ್ತೆ ಬಂದ ಮೊದಲ ಶುಕ್ರವಾರ ಈ ಮನೆಗೆ ಹೊಸ ಕಳೆ ಬಂತು. ವಾಷಿಂಗ್ ಮಷೀನಿಗೆ ಅರಿಶಿನ ಕುಂಕುಮ ಬಿತ್ತು. ಮಗಳ ಸ್ಕೂಟರಿಗೆ, ಅವಳ ಬಸ್ ಕಾರ್ಡಿಗೆ, ಕೊನೆಗೆ ಕೆಟಲ್ಲಿಗೂ ಬಿತ್ತು. ಆಮೇಲೆ, "ನನ್ನ ಪಾಸ್‌ಪೋರ್ಟ್ ಕೊಡಮ್ಮ" ಅಂದರು.

ನಾನೇ ಬೀರುವಿನಿಂದ ತೆಗೆದುಕೊಟ್ಟೆ.

"ರಟ್ಟಿನ ಮೇಲೆ ಹಚ್ಚಿ ಅತ್ತೆ, ಒಳಗಡೆ ಬೇಡ."

"ರಟ್ಟಿಗೆ ಹಚ್ಚಿದ್ರೆ ಏನು ಬಂತು? ಅವರು ಕೊಟ್ಟಿರೋದು ಒಳಗಡೆ ತಾನೆ?"

ವೀಸಾ ಅಂಟಿಸಿದ್ದ ಪುಟ ತೆರೆದು, ಒದ್ದೆ ಬೆರಳಿನಲ್ಲಿ ಅರಿಶಿನ, ಅದರ ಮೇಲೆ ಕುಂಕುಮ ಇಟ್ಟರು. "ಫೋಟೋದ ಮೇಲೆ ಹಚ್ಚಲಿಲ್ಲ ನೋಡು. ಅಷ್ಟು ಗೊತ್ತಾಗತ್ತೆ ನಂಗೆ" ಅಂತ ಬೇರೆ. ಫೋಟೋ ತಪ್ಪಿಸಿ ಅವರು ಆರಿಸಿಕೊಂಡ ಖಾಲಿ ಜಾಗ ಪೂರ್ತಿ ಖಾಲಿಯಾಗಿರಲಿಲ್ಲ. ಅಲ್ಲಿ ಸಣ್ಣದಾಗಿ ನಾಲ್ಕು ಅಕ್ಷರಗಳಿದ್ದವು. ಒದ್ದೆಗೆ ಮಸಿ ಹರಡುವುದು ಕಂಡು ನಾನು ಟಿಶ್ಯೂ ಒತ್ತಿದೆ. ಒತ್ತಿದ್ದಕ್ಕೆ ಇನ್ನಷ್ಟು ಹರಡಿತು. ಒಣಗಿದ ಮೇಲೆ ಅಲ್ಲೊಂದು ಕಾಸಿನಗಲದ ಕೆಂಪು ಕಲೆ ಉಳಿಯಿತು. ವಿಮಾನ ನಿಲ್ದಾಣದಲ್ಲಿ ಮೊಹರು ಹಾಕಿ ಆಗಿದೆ, ಇನ್ನು ಇದನ್ನು ನೋಡುವವರು ಯಾರು ಎಂದುಕೊಂಡು ಪಾಸ್‌ಪೋರ್ಟನ್ನು ಮತ್ತೆ ಬೀರುವಿನಲ್ಲಿಟ್ಟೆ.

ಈಸ್ಟರ್ ರಜೆಯಲ್ಲಿ ನಮ್ಮವರಿಗೆ ಆಫೀಸು. ನಾವು ಮೂವರು ಹೆಂಗಸರು, ಅಂದರೆ ಅತ್ತೆ, ನಾನು ಮತ್ತು ಎಂಟು ವರ್ಷದ ನನ್ನ ಮಗಳು, ಪ್ರವಾಸಿಗರ ಬಸ್ಸಿನಲ್ಲಿ ಉತ್ತರದ ಕಡಲತೀರಕ್ಕೆ ಹೊರಟೆವು. ಸಮುದ್ರದಂಚಿಗೆ ಆರು ಮೂಲೆಯ ಕಲ್ಲುಕಂಬಗಳು ಸಾವಿರಗಟ್ಟಲೆ ನಿಂತಿರುವ ಜಾಗ ಅದು. ಮೈಸೂರಿನ ನನ್ನ ಕಾನ್ವೆಂಟಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಅದರ ಚಿತ್ರ ತೋರಿಸಿದ್ದರು. ನೋಡಬೇಕೆಂಬ ಆಸೆ ಅಂದಿನಿಂದಲೂ ಇತ್ತು. ಈ ದ್ವೀಪದ ಉತ್ತರದ ತುಂಡು ಬೇರೆ ದೇಶ, ಬ್ರಿಟನ್ನಿಗೆ ಸೇರಿದ್ದು. ಆದರೆ ಗಡಿಯಲ್ಲಿ ಗೇಟಿಲ್ಲ, ಬೇಲಿಯಿಲ್ಲ. ರಸ್ತೆಬದಿಯ ಫಲಕಗಳಲ್ಲಿ ಕಿಲೋಮೀಟರು ಹೋಗಿ ಮೈಲಿ ಬಂದರೆ ಗಡಿ ದಾಟಿದೆವು ಎಂದು ಅರ್ಥ. ನನಗೂ ಮಗಳಿಗೂ ಐರಿಷ್ ಪಾಸ್‌ಪೋರ್ಟ್ ಇದೆ. ಅತ್ತೆಯ ವೀಸಾ ಎರಡೂ ಕಡೆಗೆ ನಡೆಯುವಂಥದ್ದು. ಅದನ್ನು ಹೇಳುವ ಗುರುತೂ ವೀಸಾದಲ್ಲೇ ಇದೆ. ಆ ಗುರುತೇ ಕುಂಕುಮದ ಕೆಳಗಿನ ನಾಲ್ಕು ಅಕ್ಷರವೆಂಬುದು ಅಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಲ್ಲುಗಳನ್ನು ನೋಡಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದೇ ಕಲ್ಲು ನಮ್ಮ ಮಲ್ಪೇಲೂ ಇದೆ ಕಣೇ. ದೋಣೀಲಿ ಹೋದ್ರೆ ಆ ದ್ವೀಪದಲ್ಲಿ ಬೇಕಾದಷ್ಟು. ಇಷ್ಟು ದೂರ ಯಾಕೆ ಬಂದ್ವಿ?"

"ಅಲ್ಲಿ ಇಷ್ಟು ಚಳಿ ಎಲ್ಲಿರತ್ತೆ ಅತ್ತೆ" ಅಂದೆ. ನಕ್ಕರು. ಗಾಳಿಗೆ ಸೆರಗು ಹಾರದಂತೆ ನನ್ನ ಮಫ್ಲರನ್ನು ಸೀರೆಯ ಮೇಲೆ ಬಿಗಿದು ಕಟ್ಟಿಕೊಂಡಿದ್ದರು. ಚಿತ್ರಾನ್ನವನ್ನು ಅಲ್ಲೇ ಕಲ್ಲಿನ ಮೇಲೆ ಕೂತು ತಿಂದೆವು.

ಸಂಜೆ ಹಿಂದಿರುಗುವಾಗ ಫಲಕಗಳಲ್ಲಿ ಮೈಲಿ ಹೋಗಿ ಮತ್ತೆ ಕಿಲೋಮೀಟರು ಬಂದ ಸ್ವಲ್ಪ ಹೊತ್ತಿಗೆ ಬಸ್ಸು ನಿಧಾನವಾಗಿ ಪಕ್ಕಕ್ಕೆ ಸರಿದು ನಿಂತಿತು. ಇನ್ನೂ ಒಳ್ಳೆಯ ಬೆಳಕಿತ್ತು. ಪೊಲೀಸರಿಗೆ ಇಲ್ಲಿ ಗಾರ್ಡಾ ಅನ್ನುತ್ತಾರೆ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣು ಗಾರ್ಡಾ ಬಸ್ಸು ಹತ್ತಿದಳು. ಕೂದಲನ್ನು ಬಿಗಿದು ಗಂಟು ಹಾಕಿದ್ದಳು, ಮೂಗಿನ ಮೇಲೆಲ್ಲ ಕಂದು ಚುಕ್ಕೆಗಳು, ಭುಜ ಜಿಟಿಜಿಟಿ ಮಳೆಗೆ ನೆಂದಿತ್ತು. ಮುಂದಿನ ಎರಡು ಸಾಲಿನಲ್ಲಿದ್ದ ಬಿಳಿಯ ದಂಪತಿಗಳಿಗೆ ತಲೆಯಾಡಿಸಿ ಮುಂದೆ ಬಂದಳು. ನಮ್ಮ ಸೀಟಿನ ಹತ್ತಿರ ನಿಂತು ಪಾಸ್‌ಪೋರ್ಟ್ ಕೇಳಿದಳು. ಅವರನ್ನು ಕೇಳದೆ ನಮ್ಮನ್ನು ಕೇಳಿದಳೆಂಬುದನ್ನು ನಾನು ಗಮನಿಸಿದೆ. ಆ ಮುಳ್ಳು ಈಗಲೂ ಪೂರ್ತಿ ಹೋಗಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ನಮ್ಮಿಬ್ಬರದನ್ನು ನೋಡಿ ತಕ್ಷಣ ವಾಪಸು ಕೊಟ್ಟಳು. ಅತ್ತೆಯದು ಅವಳ ಕೈಯಲ್ಲೇ ಉಳಿಯಿತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು.

"ಉತ್ತರಕ್ಕೆ ಹೋಗಿಬರೋಕೆ ಇವರ ವೀಸಾದಲ್ಲಿ ಒಂದು ಗುರುತು ಇರಬೇಕು. ಅದು ಇರಬೇಕಾದ ಜಾಗ ಇದು" ಎಂದು ಕಲೆಯ ಮೇಲೆ ಬೆರಳಿಟ್ಟಳು. "ಗುರುತಿಲ್ಲದಿದ್ರೆ ಇವರು ಅಲ್ಲಿಗೆ ಹೋಗಬಾರದಿತ್ತು. ವಾಪಸು ಒಳಗೆ ಬಿಡೋದೂ ಕಷ್ಟ. ಇಲ್ಲಿ ಏನಾಯ್ತು?"

ಸರ್ಕಾರದ ಕಾಗದದ ಮೇಲೆ ನಾವೇ ಬೇಕೆಂದು ಬಣ್ಣ ಹಚ್ಚಿದೆವು ಎಂದರೆ ಏನು ತಿಳಿದುಕೊಳ್ಳುತ್ತಾಳೆ? ಅಕ್ಷರ ಮರೆಮಾಡಲೆಂದೇ ಹಚ್ಚಿದ್ದಾರೆ ಅನ್ನುವುದಿಲ್ಲವೇ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಟೀ ಚೆಲ್ಲಿತು."

ಗಾರ್ಡಾ ನನ್ನ ಮುಖವನ್ನೇ ನೋಡಿದಳು. ಅಲ್ಲಿಯವರೆಗೂ ಇದ್ದ ಸೌಜನ್ಯ ಆ ನೋಟದಲ್ಲಿರಲಿಲ್ಲ. "ದಯವಿಟ್ಟು ಬ್ಯಾಗು ತಗೊಂಡು ಕೆಳಗೆ ಬನ್ನಿ" ಅಂದಳು.

"ಏನಂತೆ ಅವಳದ್ದು?" ಅತ್ತೆ ಕೇಳಿದರು.

"ಸುಮ್ನೆ, ನೋಡಬೇಕಂತೆ."

"ನೋಡ್ಲಿ ಬಿಡು. ಅವಳ ಕೆಲಸ ಅವಳು ಮಾಡ್ತಾಳೆ" ಎಂದು ಸೆರಗು ಸರಿಮಾಡಿಕೊಂಡು, ಯಾರದೋ ಮನೆಯ ಆರತಿಗೆ ಹೊರಟವರಂತೆ ಇಳಿದರು. ಮತ್ತೊಮ್ಮೆ ಇವರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದರೆ, ಅದೂ ಇಷ್ಟು ಜನರೆದುರು, ನನ್ನ ಸುಳ್ಳಿನಿಂದಾಗಿ, ಇವರ ಮುಖವನ್ನು ಹೇಗೆ ನೋಡಲಿ ಎಂದುಕೊಳ್ಳುತ್ತ ನಾನು ಮಗಳ ಕೈಹಿಡಿದು ಹಿಂದೆ ಇಳಿದೆ.

ಗಾರ್ಡಾ ರಸ್ತೆಬದಿಯಲ್ಲಿ ನಿಂತಿದ್ದ ತನ್ನ ಪೊಲೀಸ್ ವ್ಯಾನಿನ ಹಿಂಬಾಗಿಲು ತೆರೆದು ಅಲ್ಲಿ ಬ್ಯಾಗು ಇಡಿಸಿದಳು. ನೀಲಿ ಕೈಗವಸು ಹಾಕಿಕೊಂಡು ಒಂದೊಂದನ್ನೇ ತೆಗೆದು ಸಾಲಾಗಿ ಜೋಡಿಸಿದಳು. ಚಿತ್ರಾನ್ನದ ಖಾಲಿ ಡಬ್ಬಿ. ವಾಂತಿ ಬಂದರೆಂದು ಇಟ್ಟುಕೊಂಡಿದ್ದ ನಿಂಬೆಹಣ್ಣು. ದಾರಿಯಲ್ಲಿ ಯಾರಾದರೂ ಹೆಣ್ಣುಮಕ್ಕಳು ಪರಿಚಯವಾದರೆ ಕೊಡಲೆಂದು ಒಂದು ಹಸಿರು ರವಿಕೆ ಕಣ. ಮಡಿಸಿದ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿದ ಇನ್ನೊಂದು ಪ್ಲಾಸ್ಟಿಕ್ ಚೀಲ.

"ಏನು ಹುಡುಕ್ತಿದಾಳೆ ಕೇಳೇ, ನಾನೇ ತೆಗೆದುಕೊಡ್ತೀನಿ. ಹಸಿವಾಗಿದ್ರೆ ಕೊಡುಬಳೆ ತಳದಲ್ಲಿದೆ ಅಂತ ಹೇಳು."

ತಳದಲ್ಲಿ ಕೊಡುಬಳೆಯ ಪಕ್ಕ ಕುಂಕುಮದ ಡಬ್ಬಿಯೂ ಇತ್ತು. ಗಾರ್ಡಾ ಮುಚ್ಚಳ ತೆಗೆದಳು. ಕೆಂಪು ಪುಡಿಯನ್ನು ನೋಡಿ, ಪಾಸ್‌ಪೋರ್ಟಿನ ಕಲೆ ನೋಡಿ, ನನ್ನ ಕಡೆ ತಿರುಗಿದಳು. "ಟೀ?" ಅಂದಳು.

ಆಗ ನನ್ನ ಮಗಳು, ಮನೆಯಲ್ಲಿ ಕನ್ನಡ ಪೂರ್ತಿ ಅರ್ಥವಾದರೂ ಉತ್ತರವನ್ನು ಐರಿಷ್ ಇಂಗ್ಲಿಷಿನಲ್ಲೇ ಕೊಡುವವಳು, ಜಾಕೆಟ್ಟಿನ ಜೇಬಿಗೆ ಕೈಹಾಕಿ ತನ್ನ ಬಸ್ ಕಾರ್ಡು ತೆಗೆದು ಮುಂದೆ ಹಿಡಿದಳು. ಅದರ ಮೂಲೆಯಲ್ಲೂ ಅಂಥದೇ ಕೆಂಪು ಬೊಟ್ಟು.

"ಅದು ಟೀ ಅಲ್ಲ. ನಮ್ಮಜ್ಜಿ ಇಷ್ಟ ಆದದ್ದಕ್ಕೆಲ್ಲ ಇದನ್ನ ಹಚ್ತಾರೆ. ವಾಷಿಂಗ್ ಮಷೀನಿಗೂ ಹಚ್ಚಿದಾರೆ. ಮಷೀನಿಗೆ ಏನೂ ಆಗಿಲ್ಲ, ಗ್ರ್ಯಾಂಡ್ ಆಗಿದೆ" ಅಂದಳು.

ಗಾರ್ಡಾಳ ತುಟಿಯ ತುದಿ ಅಲುಗಿತು. ಆದರೆ ನಗಲಿಲ್ಲ. ನನಗೆ ಹೇಳಿದಳು: "ಸರಿ. ನೀವು ಹೇಳಿದ್ದನ್ನ ನಾನಿನ್ನೂ ಬರೆದುಕೊಂಡಿಲ್ಲ. ಮೊದಲಿಂದ ಹೇಳಿ."

ಕಾನ್ವೆಂಟಿನಲ್ಲಿ ಭೂಗೋಳದ ಆ ಸಿಸ್ಟರ್ ಸುಳ್ಳು ಹೇಳಿದ ಹುಡುಗಿಗೆ ಹೊಡೆಯುತ್ತಿರಲಿಲ್ಲ. "ಹೊರಗೆ ಹೋಗು. ಬಾಗಿಲು ತಟ್ಟು. ಒಳಗೆ ಬಂದು ಮತ್ತೆ ಹೇಳು" ಎನ್ನುತ್ತಿದ್ದರು. ಎರಡನೆಯ ಸಲ ಬಂದವಳನ್ನು ಆಗಷ್ಟೇ ಬಂದವಳಂತೆ ನೋಡುತ್ತಿದ್ದರು. ನಾನೂ ಒಮ್ಮೆ ಹಾಗೆ ಹೊರಗೆ ಹೋಗಿ ಬಂದಿದ್ದೇನೆ. ಈ ಹೆದ್ದಾರಿಯ ಬದಿಯಲ್ಲಿ, ಈ ವಯಸ್ಸಿನಲ್ಲಿ, ಆ ಬಾಗಿಲು ಮತ್ತೆ ತೆರೆದೀತೆಂದು ನಾನು ಎಣಿಸಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಮೊದಲ ಸಲ ವೀಸಾ ಸಿಗದಿದ್ದದ್ದು, ಶುಕ್ರವಾರದ ಪೂಜೆ, ಒದ್ದೆ ಬೆರಳು, ನನ್ನ ಟಿಶ್ಯೂ. ಬೇಕಾದ್ದು ಸಿಕ್ಕಾಗ ನಾವು ಹೀಗೆ ಮಾಡುತ್ತೇವೆ, ಅದು ನಮ್ಮ ಥ್ಯಾಂಕ್ಸ್ ಎಂದೆ. ನಡುವೆ ಅತ್ತೆ ಸೊಂಟ ತಿವಿದು, ಏನು ಮಾತಾಡ್ತಿದೀರಿ ಎಂದರು. ಅವರಿಗೂ ಒಪ್ಪಿಸಿದೆ.

"ಟೀ ಅಂದ್ಯಾ?" ಅತ್ತೆ ಹಣೆ ಗಂಟಿಕ್ಕಿದರು. "ಸೊಸೆ ಕಾನ್ವೆಂಟಲ್ಲಿ ಓದಿದೋಳು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ ನಾನು. ಕುಂಕುಮಕ್ಕೆ ಟೀ ಅಂದ್ಯಾ?"

"ಭಯ ಆಯ್ತು ಅತ್ತೆ."

"ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಇಂಗ್ಲಿಷ್ ಬರದಿದ್ರೇನು, ತೋರಿಸೋಕೆ ಬೆರಳಿಲ್ವಾ?"

ಗಾರ್ಡಾ ಕೈಗವಸು ಕಳಚಿ, ವೀಸಾದ ಮೇಲ್ತುದಿಯ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿದಳು. ಉತ್ತರ ಬರಲು ಹೊತ್ತಾಗುತ್ತದೆ ಎಂದಳು. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಇಂಜಿನ್ ಆರಿಸಿ, ಕಾಲು ಚಾಚಿಕೊಳ್ಳುವವರು ಚಾಚಿಕೊಳ್ಳಿ, ಇನ್ನೊಂದಿಷ್ಟು ಹೊತ್ತು ಇಲ್ಲೇ ಇರುತ್ತೇವೆ ಎಂದು ಮೈಕಿನಲ್ಲಿ ಹೇಳಿದ್ದು ಕೇಳಿಸಿತು. ಯಾರಿಂದ ತಡವೆಂದು ಅವನು ಹೇಳಲಿಲ್ಲ. ಅದಕ್ಕೂ ನಾನು ಋಣಿ. ಗಾರ್ಡಾ ಅತ್ತೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ ಹೀಟರ್ ಹಾಕಿದಳು. ಪೊಲೀಸ್ ವ್ಯಾನಿನಲ್ಲಿ ಮಫ್ಲರ್ ಕಟ್ಟಿಕೊಂಡು ನೆಟ್ಟಗೆ ಕೂತು, ಅತ್ತೆ ಗಾಜಿನ ಮೇಲೆ ಆಡುವ ವೈಪರನ್ನು ನೋಡುತ್ತಿದ್ದರು. ಅವರ ಕೈ ಮಾತ್ರ ಮಡಿಲಲ್ಲಿ ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಿತ್ತು. ಅವರಿಗೂ ಭಯವಾಗಿದೆ ಎಂದು ಆಗ ಗೊತ್ತಾಯಿತು.

ಇಪ್ಪತ್ತು ನಿಮಿಷವಾಗಿರಬಹುದು. ಫೋನು ಬಂತು. ಗಾರ್ಡಾ ಬೆನ್ನು ತಿರುಗಿಸಿ ಕೇಳಿಸಿಕೊಂಡಳು, ಏನನ್ನೋ ಬರೆದುಕೊಂಡಳು. ಈ ಕಡೆ ತಿರುಗಿದಾಗ ಹೆಬ್ಬೆರಳು ಎತ್ತಿದ್ದಳು.

"ಗುರುತು ಇದೆ. ಎಲ್ಲ ಸರಿಯಾಗಿದೆ. ಆದ್ರೆ ಈ ಪುಟ ಇಟ್ಕೊಂಡು ಇವರನ್ನ ಮತ್ತೆ ಉತ್ತರಕ್ಕೆ ಕರ್ಕೊಂಡು ಹೋಗಬೇಡಿ. ಎಲ್ಲರಿಗೂ ಫೋನ್ ಮಾಡೋಷ್ಟು ಪುರುಸೊತ್ತು ಇರಲ್ಲ."

ನನ್ನ ಕಣ್ಣು ತುಂಬಿಬಂತು. ಅತ್ತೆಗೆ ಯಾವ ಅನುವಾದವೂ ಬೇಕಾಗಲಿಲ್ಲ. ಆ ಹೆಬ್ಬೆರಳು ಸಾಕಾಗಿತ್ತು. ವ್ಯಾನಿನಿಂದ ಇಳಿದು ನೇರವಾಗಿ ಹಿಂಬಾಗಿಲಿಗೆ ಬಂದರು. ಗಾರ್ಡಾ ಸಾಮಾನುಗಳನ್ನು ತೆಗೆದ ಕ್ರಮದಲ್ಲೇ ಬ್ಯಾಗಿಗೆ ತುಂಬುತ್ತಿದ್ದಳು. ಅತ್ತೆ ಅವಳ ಕೈಯಿಂದ ಕುಂಕುಮದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆಗೆದು, ಅವಳ ಮುಂದೆಯೇ ಹಿಡಿದರು.

"ತಗೋ ತಾಯಿ."

"ಅತ್ತೆ, ಅವರು ಡ್ಯೂಟೀಲಿದಾರೆ."

"ಇರ್ಲಿ. ಡಬ್ಬಿ ತೆಗೆದ ಹೆಣ್ಣುಮಗಳಿಗೆ ಕೊಡದೆ ಮುಚ್ತಾರಾ?"

ಗಾರ್ಡಾ ನನ್ನನ್ನು ನೋಡಿದಳು. ಅರ್ಥ ಹೇಳಿದೆ. ಅತ್ತೆ ತಮ್ಮ ಹಣೆ ತೋರಿಸಿದರು. ಅವಳು ಟೋಪಿ ಮುಟ್ಟಿಕೊಂಡು, ಆಗಲ್ಲ ಎಂಬಂತೆ ನಕ್ಕಳು. ಅತ್ತೆ ಒಂದು ಗಳಿಗೆ ಯೋಚಿಸಿ, ಅವಳ ಇನ್ನೊಂದು ಕೈಯಲ್ಲಿದ್ದ ಟಿಪ್ಪಣಿ ಪುಸ್ತಕದ ಕಡೆ ಗದ್ದ ತೋರಿದರು. ಆ ಹುಡುಗಿ ಬೆರಳದ್ದಿ, ತಾನು ಈಗಷ್ಟೇ ಬರೆದ ಪುಟದ ಅಂಚಿನಲ್ಲಿ, ಒಂದಕ್ಷರಕ್ಕೂ ತಾಗದಂತೆ ಒಂದು ಬೊಟ್ಟು ಇಟ್ಟಳು. "ಖಾಲಿ ಜಾಗ ನೋಡಿ ಇಡಬೇಕು, ಅಲ್ವಾ?" ಅಂದಳು ನನಗೆ.

ನಾವು ಬಸ್ಸು ಹತ್ತಿದಾಗ ಡ್ರೈವರ್, ಎಲ್ಲ ಸರಿಹೋಯಿತೇ ಎಂಬಂತೆ, "ಆಲ್ ಗ್ರ್ಯಾಂಡ್?" ಎಂದ. ಅತ್ತೆ "ಗ್ರ್ಯಾಂಡ್" ಎಂದು ಅವನ ಅಂಗೈಗೆ ಎರಡು ಕೊಡುಬಳೆ ಹಾಕಿ, ಮುಂದಿನ ಸಾಲಿನ ದಂಪತಿಗಳಿಗೂ ಡಬ್ಬಿ ಚಾಚಿದರು. ಅವರು ಒಂದೊಂದು ತೆಗೆದುಕೊಂಡರು. ಖಾರ ಹೆಚ್ಚೆಂದು ಅವರಲ್ಲೊಬ್ಬಾಕೆ ಬಹಳ ಹೊತ್ತು ಕೆಮ್ಮುತ್ತಿದ್ದರು. ನನ್ನ ಒಳಗೆ ಸಣ್ಣದೊಂದು ತೃಪ್ತಿಯಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಅತ್ತೆ ಮೇ ತಿಂಗಳ ಕೊನೆಯವರೆಗೂ ನಮ್ಮ ಜೊತೆಗಿದ್ದು, ಮೊದಲೇ ಗೊತ್ತುಮಾಡಿದ್ದ ದಿನಕ್ಕೇ ಊರಿಗೆ ಹೊರಟರು. ಅವರ ಪಾಸ್‌ಪೋರ್ಟಿಗೆ ಈಗ ಪ್ಲಾಸ್ಟಿಕ್ ಹೊದಿಕೆಯಿದೆ. ಬೊಟ್ಟು ಅದರ ಮೇಲೆ ಬೀಳುತ್ತದೆ. ಶುಕ್ರವಾರ ಫೋನು ಮಾಡಿದಾಗ, ಮಗಳ ಓದು, ನನ್ನ ಬೆನ್ನುನೋವು ಎಲ್ಲ ಮುಗಿದ ಮೇಲೆ ಕೇಳುತ್ತಾರೆ.

"ಆ ಪೊಲೀಸ್ ಹುಡುಗಿ ಹೇಗಿದಾಳೆ?"

ಡಬ್ಲಿನ್ನಿಗೂ ಆ ಗಡಿಗೂ ಎಷ್ಟು ದೂರ, ನಾನು ಅವಳನ್ನು ಮತ್ತೆ ಕಾಣುವ ಸಂಭವ ಎಷ್ಟು ಎಂದು ಅವರಿಗೆ ವಿವರಿಸಿ ಪ್ರಯೋಜನವಿಲ್ಲ. ಚೆನ್ನಾಗಿದಾಳೆ ಅತ್ತೆ ಎಂದುಬಿಟ್ಟರೆ ಅವರಿಗೂ ಸಮಾಧಾನ. ಒಮ್ಮೆ ನಾಲಿಗೆಯ ತುದಿಗೆ ಬಂದೂ ಇತ್ತು.

"ಗೊತ್ತಿಲ್ಲ ಅತ್ತೆ, ನೋಡಿಲ್ಲ" ಅಂದೆ.

"ಹಾಂ, ಹಾಗೆ ಹೇಳು. ನೋಡಿದಾಗ ಕೇಳ್ದೆ ಅಂತ ಹೇಳು" ಎಂದು ಅತ್ತೆ ಫೋನಿಟ್ಟರು.