ಅತ್ತೆಯವರ ಬಂಬ

ಹೋದ ವಾರ ಮೊಮ್ಮಗ ಮಾಳಿಗೆಯ ಮೇಲೆ ಬಿಸಿಲಿಗೆ ನೀರು ಕಾಯಿಸುವ ಸೋಲಾರ್ ಕೂಡ್ರಿಸಿದ. ನನ್ನ ಕೈ ಹಿಡಿದು ನಳದ ಕೆಳಗಿಟ್ಟು, "ನೋಡ್ ಆಯಿ, ಕಟಿಗಿ ಬ್ಯಾಡ, ಕರೆಂಟ್ ಬ್ಯಾಡ. ಹೆಂಗೈತಿ ಹೊಸಾದು?" ಎಂದ. ನನಗೆ ನಗು ತಡೆಯಲಿಲ್ಲ. ಕೊಪ್ಪಳದ ಬಿಸಿಲಿಗೆ ನೀರು ಕಾಯುವುದು ಇವನಿಗೆ ಹೊಸದು! ನಮ್ಮ ಅತ್ತೆಯವರು ನಿಜಾಮರ ಕಾಲದಲ್ಲೇ ಬಿಸಿಲಿಗೆ ಕಾದ ನೀರಿನಿಂದ ಜಳಕ ಮಾಡಿದವರು, ಅದೂ ಬೆಂಕಿ ಆರಿಸುವ ಗಾಡಿಯಲ್ಲಿ ಕಾದ ನೀರಿನಿಂದ. ಹಾಗೆ ನೋಡಬೇಡಿ, ಕೂತುಕೊಳ್ಳಿ, ಹೇಳುತ್ತೇನೆ.

ಇದಕ್ಕೆಲ್ಲ ಮೂಲ ನನ್ನ ಬಾಯಿ. ಗದಗಿನ ಕಡೆಯಿಂದ ಹೊಸದಾಗಿ ಸೊಸೆಯಾಗಿ ಬಂದಿದ್ದೆ. ತವರಿನ ದೊಡ್ಡಸ್ತಿಕೆ ಹೇಳಿಕೊಳ್ಳದಿದ್ದರೆ ಉಂಡದ್ದು ಅರಗದ ವಯಸ್ಸು. ನಮ್ಮ ತವರಿನ ಬಚ್ಚಲಲ್ಲಿ ತಾಮ್ರದ ಬಂಬ ಇತ್ತು. ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ನೀರು, ಕೆಳಗೊಂದು ತೋಟಿ. ತಿರುವಿದರೆ ಸುಡುಸುಡು ನೀರು. ಇಲ್ಲಿ ಮೂರು ಕಲ್ಲಿನ ಮೇಲೊಂದು ಮಸಿ ಹಿಡಿದ ಹಂಡೆ. ಅತ್ತೆಯವರಿಗೆ ಮೊಣಕಾಲಿನ ನೋವು. ಹಂಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಲೆ ಊದಿ ಮತ್ತೆ ಏಳುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಬಂಬದ ಪುರಾಣ ಕೇಳೀ ಕೇಳೀ ಅವರಿಗೂ ಆಸೆ ಹುಟ್ಟಿ ಮಾವನವರ ಕಿವಿಗೆ ಹಾಕಿದರು. "ನೋಡೂಣಂತ" ಎಂದರು ಮಾವನವರು. ಅವರ "ನೋಡೂಣಂತ" ಎಂದರೆ ಆ ಮಾತು ಅಲ್ಲಿಗೆ ಮುಗಿಯಿತೆಂದು ಬೆಕ್ಕಿಗೂ ತಿಳಿದಿತ್ತು.

ಮಾವನವರದು ಹತ್ತಿಯ ವ್ಯಾಪಾರ. ಸುಗ್ಗಿಯಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಬಂಡಿಗಳೆಲ್ಲ ಬಂದು ಸ್ಟೇಷನ್ನಿನ ಬಯಲಲ್ಲಿ ಹತ್ತಿಯ ಅಂಡಿಗೆಗಳನ್ನು ಗುಡ್ಡದ ಹಾಗೆ ಒಟ್ಟುತ್ತಿದ್ದವು. ಒಂದು ವರ್ಷ ಬೀಡಿಯ ಕಿಡಿಗೆ ಅರ್ಧ ಗುಡ್ಡ ಬೂದಿಯಾಯಿತು. ಅಂದಿನಿಂದ ಮಾವನವರಿಗೆ ನಿದ್ದೆಯಿಲ್ಲ. ಬೆಂಕಿ ಆರಿಸುವ ಯಂತ್ರ ತರಬೇಕೆಂದು ಪೇಟೆಯವರನ್ನೆಲ್ಲ ಒಪ್ಪಿಸಿ, ತಮ್ಮ ಮಾತನ್ನೇ ಜಾಮೀನಿಟ್ಟು, ಬಳ್ಳಾರಿ ದಂಡಿನ ಹಳೆಯ ಸಾಮಾನಿನ ಹರಾಜಿಗೆ ಹೋದರು. ಮನೆಯ ಹೆಂಗಸರಿಗೆ ಇದೊಂದೂ ಗೊತ್ತಿಲ್ಲ. ಒಂದು ದಿನ ಮುಂಚೆ ಮರಳಿದ ಗುಮಾಸ್ತ ಶಿವಪ್ಪ ಅಂಗಳದಿಂದಲೇ ಕೂಗಿ ಹೇಳಿದ: "ಅವ್ವಾರ, ಸಾವ್ಕಾರ್ರು ಬಂಬ ತಗೊಂಡ್ರು! ಹಳೇದೈತ್ರಿ, ಆದ್ರ ಒಳಗ ಅಸಲ್ ತಾಮ್ರ. ನಾಳಿ ಬರ್ತೈತಿ."

ಅತ್ತೆಯವರ ಮುಖ ಆಗ ನೋಡಬೇಕಿತ್ತು ನೀವು. ಹಂಡೆ ಹಿತ್ತಲಿಗೆ ಹೋಯಿತು. ಬಚ್ಚಲಿನ ಮೂಲೆಯನ್ನು ಸಾರಿಸಿ ರಂಗೋಲಿ ಹಾಕಿದೆವು. ಬಂಬವನ್ನು ಎಲ್ಲಿಡಬೇಕು, ಹೇಗೆ ತೊಳೆಯಬೇಕು ಎಂದು ನಾನು ಪಂಡಿತಳ ಹಾಗೆ ಉಪದೇಶ ಮಾಡಿದೆ.

ಅತ್ತ ಬಂಬದ ಪಾಡು ಬೇರೆ. ಹೊಳೆ ದಾಟಿದರೆ ನಿಜಾಮರ ಸೀಮೆ, ಸುಂಕದ ನಾಕಾ. ದೊಡ್ಡ ಯುದ್ಧದ ದಿನಗಳು ಬೇರೆ. ನಾಕಾದ ಮುನ್ಷಿ "ಏನಿದು?" ಎಂದು ಕೇಳಿದಾಗ ಮಾವನವರು "ಬಂಬರಿ" ಎಂದರಂತೆ. ಅವನು ಬಾಂಬೆಂದು ತಿಳಿದು ನಾಲ್ಕು ಹೆಜ್ಜೆ ಹಿಂದೆ ಜಿಗಿದು, "ಇದರಾಗ ಏನ್ ತುಂಬೀರಿ?" ಎಂದ. "ಏನಿಲ್ರಿ, ಖಾಲಿ ಐತಿ." "ಹಂಗಾರ ನಿಮ್ಮೂರಾಗ ಹೋಗಿ ತುಂಬ್ರಿ, ಇಲ್ಲಿ ಬ್ಯಾಡ! ಹೋಗ್ರಿ, ಹೋಗ್ರಿ!"

ಮರುದಿನ ಅತ್ತೆಯವರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ, ಎದುರಿಗೆ ಎತ್ತು ಹೂಡಿದ ನಾಲ್ಕು ಗಾಲಿಯ ಕೆಂಪು ಗಾಡಿ. ಹೊಟ್ಟೆಯಲ್ಲಿ ತಾಮ್ರದ ತೊಟ್ಟಿ, ಅದಕ್ಕೆ ಕರಿ ತಗಡಿನ ಮುಚ್ಚಳ, ಎರಡೂ ಬದಿಗೆ ಆಳುಗಳು ಹಿಡಿದು ಒತ್ತುವ ಉದ್ದನೆಯ ಹಿಡಿಕೆ, ಹೆಬ್ಬಾವಿನಂಥ ಚರ್ಮದ ಕೊಳವೆ.

"ಇದನ್ನ ಬಚ್ಚಲಕ್ಕ ಹೆಂಗ ಒಯ್ಯೂದ್ರಿ?"

"ಬಚ್ಚಲಕ್ಕ ಯಾಕ ಒಯ್ತಿ? ಇದು ಬೆಂಕಿ ಆರಸೂ ಬಂಬ!"

"ನಾ ಕೇಳಿದ್ದು ಬೆಂಕಿ ಹಾಕೂ ಬಂಬರಿ" ಎಂದು ಅತ್ತೆಯವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ತಟ್ಟೆಯ ಹಿಂದೆ ಮುಖ ಮುಚ್ಚಿಕೊಂಡೆ.

ಸಂಜೆ ನಮ್ಮ ಅಂಗಳದಲ್ಲೇ ಪರೀಕ್ಷೆ. ಪೇಟೆಯೆಲ್ಲ ನೆರೆದಿತ್ತು. ತೊಟ್ಟಿಗೆ ನೀರು ತುಂಬಿ ಆಳುಗಳು ಹಿಡಿಕೆ ಒತ್ತಿದರು. ಕೊಳವೆಯ ಬಾಯಿಂದ ಬಂದದ್ದು "ಹುಸ್ಸ್" ಎನ್ನುವ ಗಾಳಿ ಮಾತ್ರ. ಕುಷ್ಟಗಿಯ ವ್ಯಾಪಾರಿ ಬಸಪ್ಪ, "ಸಾವ್ಕಾರ್ರ, ಬೆಂಕಿ ಹತ್ತಿದ್ರ ಇದನ್ನ ಮಾತ್ರ ತರಬ್ಯಾಡ್ರಿ. ಊದಿ ದೊಡ್ಡದು ಮಾಡೀತು!" ಎಂದ. ಜನ ಬಿದ್ದು ಬಿದ್ದು ನಕ್ಕರು. ಮಾವನವರು ಆ ರಾತ್ರಿ ಉಣ್ಣಲಿಲ್ಲ. ಮರುದಿನದಿಂದ ಪೇಟೆಗೆ ಹಿಂದಿನ ಓಣಿ ಹಿಡಿದು ಹೋಗತೊಡಗಿದರು. ಒಬ್ಬ ಮನುಷ್ಯನ ಮಾತಿಗೆ ಬೆಲೆ ಹೋದರೆ ಅವನು ನಡೆಯುವ ದಾರಿಯೂ ಬದಲಾಗುತ್ತದೆ. ಗಾಡಿಯನ್ನು ಒಡೆದು ತಾಮ್ರ ಒಯ್ಯಲು ಕಂಚಗಾರನಿಗೆ ಹೇಳಿ ಕಳಿಸಿದರು.

ಅವನು ಬರುವವರೆಗೆ ಗಾಡಿ ಅಂಗಳದಲ್ಲೇ, ಹೊಟ್ಟೆಯ ನೀರಿನ ಸಮೇತ. ಒಂದು ಸಂಜೆ ಅತ್ತೆಯವರು ಕೈ ತೊಳೆಯಲೆಂದು ಮುಚ್ಚಳ ಎತ್ತಿ ಕೈ ಅದ್ದಿದವರು, "ಏ ಹುಡುಗಿ, ಬಾರ ಇಲ್ಲಿ! ಬಂಬ ಅಂದ್ರ ಬಂಬನ ಐತಿದು!" ಎಂದು ಕೂಗಿದರು. ಬಿಸಿಲಿಗೆ ತಗಡೂ ತಾಮ್ರವೂ ಕಾದು ನೀರು ಹದವಾಗಿ ಬೆಚ್ಚಗಾಗಿತ್ತು. ಬಗ್ಗುವ ಹಾಗಿಲ್ಲ, ಊದುವ ಹಾಗಿಲ್ಲ, ನಿಂತಲ್ಲೇ ತೋಡಿಕೊಳ್ಳಬಹುದು. ಅಂದಿನಿಂದ ಬೆಳಿಗ್ಗೆ ಬಾವಿಯಿಂದ ಸೇದಿ ತೊಟ್ಟಿ ತುಂಬುವುದು ನನ್ನ ಕೆಲಸ, ಸಂಜೆ ಜಳಕ ಅವರದು. ಪೇಟೆಗೆ ಇದೂ ತಿಳಿಯಿತು. "ಸಾವ್ಕಾರ್ತಿ ಜಳಕದ ಗಾಡಿ" ಎಂದು ಹೆಸರಾಯಿತು. ಮಾವನವರ ಓಣಿ ಇನ್ನೂ ಹಿಂದಕ್ಕೆ ಸರಿಯಿತು.

ಕಂಚಗಾರ ಬರುವ ಮುಂಚೆ ಬೆಂಕಿ ಬಂತು. ನಡುಮಧ್ಯಾಹ್ನ, ಸ್ಟೇಷನ್ನಿನ ಬಯಲಿನಿಂದ ಹೊಗೆ. ಮಾವನವರು ಧೋತರ ಎತ್ತಿ ಕಟ್ಟಿ ಕೊಡ ಹಿಡಿದು ಓಡುತ್ತಿದ್ದರು. ಅತ್ತೆಯವರು ಅಡ್ಡ ನಿಂತರು.

"ಕೊಡ ಯಾಕ್ರಿ? ಬಂಬ ತುಂಬೇತಿ, ಒಯ್ರಿ."

"ಮತ್ತೊಮ್ಮೆ ನಗಿಸ್ತೀಯೇನ ಊರನ್ನ?"

"ಹತ್ತಿ ಸುಡ್ಲಿಕ್ಹತ್ತೈತಿ. ನಗವ್ರು ನಗಲಿ, ಒಯ್ರಿ!"

ಆಳುಗಳು ಎಳೆದುಕೊಂಡು ಓಡಿದರು. ಹಿಂದೆಯೇ ನಾವೂ ಓಡಿದೆವು. ಹಿಡಿಕೆ ಒತ್ತಿದ ಕೂಡಲೇ ಕೊಳವೆ ಮೈ ಕೊಡವಿ, ಮಾಳಿಗೆಯೆತ್ತರ ನೀರು ಚಿಮ್ಮಿತು. ದಂಡಿನ ಉಗ್ರಾಣದಲ್ಲಿ ಒಣಗಿ ಮುದುಡಿದ್ದ ಒಳಗಿನ ಚರ್ಮದ ಬಿಲ್ಲೆಗಳು ಜಳಕದ ನೀರಲ್ಲಿ ದಿನವೂ ನೆಂದು ಹಿಗ್ಗಿ ಬಿಗಿಯಾಗಿದ್ದವು. ಬಾವಿಯಿಂದ ನೀರೆತ್ತುವ ಚರ್ಮದ ಚೀಲಕ್ಕೂ ಅದೇ ನ್ಯಾಯವಲ್ಲವೇ? ಅದನ್ನು ಗಾಡಿಗೆ ಹಚ್ಚಿ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಹೆಂಗಸರು ಸ್ಟೇಷನ್ನಿನ ಬಾವಿಯಿಂದ ಸಾಲಾಗಿ ನಿಂತು ತೊಟ್ಟಿ ತುಂಬಿದೆವು. ಒಂದು ಮೂಲೆಯ ಅಂಡಿಗೆ ಸುಟ್ಟವು, ಗುಡ್ಡ ಉಳಿಯಿತು.

ಮಸಿ ಮೋರೆಯ ಬಸಪ್ಪ ಕೈ ಮುಗಿದ: "ಅಕ್ಕಾರ, ಇದನ್ನ ತುಂಬಿ ಇಡಬೇಕಂತ ನಿಮಗ ಹೆಂಗ ಗೊತ್ತಾತ್ರಿ?"

"ನನಗೇನು ಗೊತ್ತೋ ತಮ್ಮಾ! ನಿನ್ನ ಹತ್ತಿ ಸಲುವಾಗಿ ನನ್ನ ಜಳಕದ ನೀರು ಹೋತು."

ಅಂದು ಮಾವನವರು ಪೇಟೆಯ ನಡುಬೀದಿಯಲ್ಲೇ ಮನೆಗೆ ಬಂದರು. ಮರುದಿನ ಬೆಳಿಗ್ಗೆ ನಾನು ಕೊಡ ಹಿಡಿದು ಬಾವಿಗೆ ಹೋದರೆ ಹಗ್ಗ ಆಗಲೇ ಒದ್ದೆ. ಎಂದೂ ನೀರು ಸೇದದ ಮಾವನವರು ಕೊನೆಯ ಕೊಡವನ್ನು ತೊಟ್ಟಿಗೆ ಸುರುವಿ, ಅಡುಗೆಮನೆಯ ಕಡೆ ನೋಡದೆಯೇ ಹೇಳಿದರು: "ಬಂಬ ತುಂಬೇನಿ. ಸಂಜೀಕ ಕಾಯ್ತೈತಿ."

ಇಷ್ಟು ಕಾಲ ಇದನ್ನು ನನ್ನ ಬಡಾಯಿಯಿಂದಾದ ಫಜೀತಿಯೆಂದೇ ಹೇಳಿಕೊಂಡು ನಗಿಸುತ್ತ ಬಂದಿದ್ದೆ. ಮೊನ್ನೆ ಮೊಮ್ಮಗ ಕೈ ಹಿಡಿದು ನೀರಿನಡಿ ಇಟ್ಟಾಗ ನೆನಪಾದದ್ದು ಬೆಂಕಿಯಲ್ಲ, ಆ ಒದ್ದೆ ಹಗ್ಗ. ಈಗ ದಿನವೂ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತೇನೆ, "ಬಂಬ ತುಂಬೈತೇನೋ?" ಮೇಲಿನಿಂದ ಮೊಮ್ಮಗ, "ತುಂಬೈತಿ, ಆಯಿ" ಎನ್ನುತ್ತಾನೆ. ಸೋಲಾರ್ ಎನ್ನುವುದನ್ನು ಬಿಟ್ಟಿದ್ದಾನೆ.