ಒನ್ಸ್ ಮೋರ್ ಇಲ್ಲದ ಊರಿನಲ್ಲಿ

ಹಾಡು ಮುಗಿಯಿತು. ಯಾರೂ ಏನೂ ಅನ್ನಲಿಲ್ಲ.

ಕಾವೂರಿನ ಶಾಲೆಯ ಮೈದಾನದ ತುಂಬ ಜನ ಕೂತಿದ್ದರು. ಒಂದು ಮಗುವೂ ಅಳುತ್ತಿರಲಿಲ್ಲ. ನಾನು ಕೊನೆಯ ಸ್ವರ ಬಿಟ್ಟ ಜಾಗದಲ್ಲೇ ಎದೆಯ ಮೇಲೆ ಕೈ ಇಟ್ಟುಕೊಂಡು, ಕತ್ತು ಸ್ವಲ್ಪ ಎತ್ತಿ ನಿಂತಿದ್ದೆ. ನಮ್ಮ ಗದಗಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿ ನಾಟಕದಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ಕದಲುವಂತಿಲ್ಲ. ಜನ "ಒನ್ಸ್ ಮೋರ್" ಎಂದು ಕೂಗಬೇಕು, ಹಾರ್ಮೋನಿಯಂನವರು ಷಡ್ಜ ಹಿಡಿದು ಕಾಯಬೇಕು, ಹಾಡು ಇನ್ನೊಮ್ಮೆ ಆಗಬೇಕು. ನನಗೆ ಒಮ್ಮೆ ಮೂರು ಸಲ ಆಗಿತ್ತು!

ಇಲ್ಲಿ ಹಾರ್ಮೋನಿಯಂನವರು ಪೆಟ್ಟಿಗೆ ಮುಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದರು. ಮುಂದಿನ ಮಾತು ನನ್ನದು ಎಂಬುದು ನೆನಪಿತ್ತು. ಆದರೆ ಕಾಲೂ ಬಾಯಿಯೂ ಕಾಯುತ್ತಿದ್ದವು. ಆಗ ತಂದೆಯ ಪಾತ್ರದ ವಾಮನಣ್ಣ ಕುರ್ಚಿಯಿಂದ ಬಗ್ಗಿ ನನ್ನ ಮುಖ ನೋಡಿ ತುಳುವಿನಲ್ಲಿ ಕೇಳಿದರು: "ದಾನೆ ಮಗಾ, ಬಸ್ಸ್‌ಗ್ ಕಾತೊಂದುಲ್ಲನಾ?" ಏನು ಮಗಾ, ಬಸ್ಸಿಗೆ ಕಾಯುತ್ತಿದ್ದೀಯಾ ಎಂದು.

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಮಂಗಳೂರಿನಲ್ಲಿ ನನ್ನ ಮೊದಲ ನಾಟಕ ಅದು.

ನಾನು ಯಾರ ಹತ್ತಿರವೂ ಕೂತು ಸಂಗೀತ ಕಲಿತವಳಲ್ಲ. ಅವ್ವ ಕಂಪನಿಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದಳು. ನಾನು ಹಾರ್ಮೋನಿಯಂನ ವೀರಪ್ಪ ಕಾಕಾನ ಹಿಂದೆ ಸೀರೆ ಮಡಚುತ್ತ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡೆ, ಮುಂದೆ ಅಲ್ಲೇ ಹಾಡುವ ಪಾತ್ರಕ್ಕೆ ನಿಂತೆ. ಕಂಪನಿ ಟೆಂಟು ಬಿಚ್ಚಿದ ವರ್ಷ ಅವ್ವ ನನ್ನನ್ನು ಕರೆದುಕೊಂಡು ಸೋದರಮಾವನ ಮನೆ ಸೇರಿದಳು. ಮಾವ ಬಾಗಿಲಲ್ಲೇ ಹೇಳಿದ: "ಈ ಮನ್ಯಾಗ ಹಾಡೂ ಗೀಡೂ ನಡ್ಯಂಗಿಲ್ಲ." ಎರಡು ತಿಂಗಳಲ್ಲಿ ಗಂಡು ನೋಡಲು ಶುರುಮಾಡಿದ. ಅಷ್ಟರಲ್ಲಿ ಮಂಗಳೂರಿನ ತುಳು ನಾಟಕ ತಂಡವೊಂದರ ಮೋನಪ್ಪ ಮಾಸ್ಟ್ರಿಂದ ಕಾಕಾನಿಗೆ ಪತ್ರ ಬಂತು. ಅವರ ತಂಡದ ಹಾಡುವ ಹುಡುಗಿ ಮದುವೆಯಾಗಿ ಹೋಗಿದ್ದಳು. ನಾನು ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದೆ.

ನಾಟಕದ ಹುಡುಗಿ ಎಂದರೆ ಇಲ್ಲಿಯೂ ಕೋಣೆ ಸುಲಭಕ್ಕೆ ಸಿಗುವುದಿಲ್ಲ. ಫಳ್ನೀರಿನಲ್ಲಿ ಎರಡು ಮನೆಯವರು ಬಾಗಿಲು ಅರ್ಧ ತೆರೆದು ಮುಚ್ಚಿದರು. ಕೊನೆಗೆ ಉರ್ವದ ಗಿರಿಜಕ್ಕ ಒಪ್ಪಿದರು. ಅವರ ಗಂಡ ದುಬೈಯಲ್ಲಿ, ಮನೆಯಲ್ಲಿ ಅವರೊಬ್ಬರೇ. "ಒಂದು ಕಂಡಿಷನ್ ಉಂಟು ಮಾರಾಯ್ತಿ," ಎಂದರು. "ಹೊಸ ಪದ್ಯ ಎಲ್ಲ ಮೊದಲು ನಂಗೆ ಕೇಳಿಸ್ಬೇಕು." ಹಾಡಿಗೆ ಇಲ್ಲಿ ಪದ್ಯ ಎನ್ನುತ್ತಾರೆ.

ಅವರ ಮನೆಯ ಕುಚ್ಚಲಕ್ಕಿ ಅನ್ನದ ಕಾಳು ದಪ್ಪ, ಕೆಂಪು. ಗಂಟಲಲ್ಲಿ ನಿಂತು ನೀರು ಕೇಳುತ್ತದೆ. ಜೋಳದ ರೊಟ್ಟಿ ತಿಂದವಳಿಗೆ ಮೊದಲ ವಾರ ಹಸಿವೇ ತೀರಲಿಲ್ಲ. ನಮ್ಮಲ್ಲಿ ಬೆವರು ಹುಟ್ಟಿದಲ್ಲೇ ಒಣಗುತ್ತದೆ, ಇಲ್ಲಿ ಒಗೆದ ರವಿಕೆಯೂ ಒಣಗುವುದಿಲ್ಲ. ಮಾತಂತೂ! ಅಂಗಡಿಯಲ್ಲಿ ನನ್ನ ಜೊತೆ ಪುಸ್ತಕದ ಹಾಗೆ ಕನ್ನಡ ಆಡಿ, ಮರುಕ್ಷಣ ತಮ್ಮೊಳಗೆ ತುಳುವಿಗೆ ಜಾರುತ್ತಾರೆ. ನಾನು ಹೊರಗೇ ನಿಂತಿರುತ್ತೇನೆ. ಗಿರಿಜಕ್ಕ ಗಂಡ ಕಳಿಸಿದ ಟೇಪ್ ರೆಕಾರ್ಡರಿನಲ್ಲಿ ನಾಟಕದ ಮಾತುಗಳನ್ನು ತಾವೇ ಓದಿ ಹಾಕಿಕೊಟ್ಟರು. ನಾನು ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಸಿಟಿ ಬಸ್ಸಿನಲ್ಲಿ ಅದನ್ನೇ ಗುನುಗಿದೆ. ಮಾತು ಬಂತು. ಹಾಡು ಮುಗಿದ ಮೇಲೆ ನಿಲ್ಲುವ ಚಾಳಿ ಮಾತ್ರ ಟೇಪು ಕೇಳಿ ಹೋಗುವಂಥದ್ದಾಗಿರಲಿಲ್ಲ.

ಕಾವೂರಿನ ನಾಟಕ ಮುಗಿದದ್ದೇ ಮಾಸ್ಟ್ರು ಗ್ರೀನ್ ರೂಮಿಗೆ ಬಂದರು. "ನೀನು ಎಂತಕ್ಕೆ ನಿಂತದ್ದು?"

"ಒನ್ಸ್ ಮೋರ್ ಬರ್ತೈತೇನೋ ಅಂತ, ಸರ್."

"ಇಲ್ಲಿ ಜನ ಕಥೆ ನೋಡ್ಲಿಕ್ಕೆ ಬರುದು. ಪದ್ಯ ಒಳ್ಳೇದಾದ್ರೆ ಸುಮ್ಮನೆ ಕೇಳ್ತಾರೆ. ಆ ಸುಮ್ಮನೆ ಇರುದೇ ಅವರ ಚಪ್ಪಾಳೆ." ನನ್ನ ಕಣ್ಣು ತುಂಬಿತು. ಅವರು ವಾಮನಣ್ಣನ ಕಡೆ ತಿರುಗಿದರು. "ವಾಮನ, ಆ ಬಸ್ಸಿನದ್ದು ಇರ್ಲಿ. ಒಳ್ಳೆ ಕ್ಲಿಕ್ ಆಗಿದೆ."

ಇಲ್ಲಿಯ ನಾಟಕದ ರೀತಿಯೇ ಹಾಗೆ. ರಂಗದ ಮೇಲೆ ಹುಟ್ಟಿದ ಮಾತಿಗೆ ಜನ ನಕ್ಕರೆ ಅದು ನಾಟಕದೊಳಗೆ ಸೇರಿಬಿಡುತ್ತದೆ. ನಮ್ಮ ಕಂಪನಿಯಲ್ಲಿ ಬರೆದದ್ದರಲ್ಲಿ ಒಂದು ಅಕ್ಷರ ಆಚೀಚೆ ಆದರೂ ಮಾಲೀಕರು ಪರದೆಯ ಹಿಂದಿನಿಂದಲೇ ಹಲ್ಲು ಕಡಿಯುತ್ತಿದ್ದರು. ಇನ್ನು ಮೇಲೆ ನಾನು ಪ್ರತಿ ನಾಟಕದಲ್ಲೂ ಪೆಚ್ಚಾಗಿ ನಿಲ್ಲಬೇಕು, ಜನ ನನ್ನನ್ನು ನೋಡಿ ನಗಬೇಕು.

ಎರಡನೇ ನಾಟಕದಲ್ಲಿ ನನ್ನಿಂದ ಅದು ಆಗಲಿಲ್ಲ. ಹೆದರಿಕೆಗೆ ಕೊನೆಯ ಸ್ವರವನ್ನು ಅರ್ಧ ನುಂಗಿ ಮಾತಿಗೆ ಹಾರಿದೆ. ಕುರ್ಚಿಯಿಂದ ಅರ್ಧ ಎದ್ದಿದ್ದ ವಾಮನಣ್ಣ ಹಾಗೇ ಕೂತರು. ಹಾಡೂ ಕೆಟ್ಟಿತು, ನಗುವೂ ಹೋಯಿತು.

"ಬಸ್ಸು ಸ್ಟಾಪಿನಲ್ಲಿ ನಿಲ್ಲದೇ ಹೋಯ್ತಲ್ಲ!" ಎಂದು ವಾಮನಣ್ಣ ಒಳಗೆ ಬಂದು ನಗಾಡಿದರು. ಮಾಸ್ಟ್ರು ನಗಲಿಲ್ಲ. "ನೋಡು ಶಾಂತಾ, ಕಾರ್ಕಳದ ಒಂದು ಹುಡುಗಿಗೆ ಹೇಳಿ ಇಟ್ಟಿದ್ದೇನೆ. ಶನಿವಾರ ಉರ್ವದಲ್ಲಿ ನಾಟಕ ಉಂಟು. ಅದೊಂದು ನೋಡ್ತೇನೆ."

ಶನಿವಾರದವರೆಗೆ ನಾನು ಗಿರಿಜಕ್ಕನಿಗೆ ಏನೂ ಹೇಳಲಿಲ್ಲ. ಟ್ರಂಕು ಮಾತ್ರ ಮಂಚದ ಕೆಳಗಿಂದ ಎಳೆದು ಒರೆಸಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಅದನ್ನು ನೋಡಿ ಅವರು ನನ್ನಿಂದ ಎಲ್ಲ ಬಾಯಿ ಬಿಡಿಸಿದರು. "ವಾಮನ ಕೇಳ್ತಾನೆ, ನೀನು ಯಾಕೆ ಸುಮ್ಮನಿರುದು? ನಿಂಗೆ ಬಾಯಿ ಇಲ್ವಾ?" ಎಂದರು. ಬರೆಯದ ಮಾತನ್ನು ರಂಗದ ಮೇಲೆ ಆಡುವುದು!

ಉರ್ವದಲ್ಲಿ ಗಿರಿಜಕ್ಕ ಎರಡನೇ ಸಾಲಿನಲ್ಲಿ ಕೂತಿದ್ದರು. ಹಾಡು ಮುಗಿಸಿ ನಿಂತೆ. ಅದೇ ನಿಶ್ಶಬ್ದ. ಮಾಸ್ಟ್ರು ಪರದೆಯ ಅಂಚಿನಲ್ಲಿ ಕೈಕಟ್ಟಿದ್ದರು. ವಾಮನಣ್ಣ ಬಗ್ಗಿ ಬಸ್ಸಿನ ಮಾತು ಕೇಳಿದರು, ಜನ ನಕ್ಕರು. ನಗು ಇಳಿಯುವ ಮೊದಲೇ ನನ್ನ ಬಾಯಿಂದ ಬಂತು: "ಬಸ್ಸ್ ಬತ್ತ್‌ಜಿ. ಅಂಚಾಂಡ ಈರ್ ಒಂಜಿ ಪದ ಪನ್ಲೆ." ಬಸ್ಸು ಬಂದಿಲ್ಲ, ಹಾಗಾದರೆ ನೀವೊಂದು ಹಾಡು ಹೇಳಿ.

ವಾಮನಣ್ಣನ ಬಾಯಿ ತೆರೆದೇ ಉಳಿಯಿತು. ಅವರಿಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಎಲ್ಲ ಕೆಡಿಸಿಬಿಟ್ಟೆ ಎಂದುಕೊಂಡೆ. ಆಮೇಲೆ ಅವರು ಗಂಟಲು ಸರಿಮಾಡಿ, ನನ್ನ ಹಾಡಿನ ಕೊನೆಯ ಸಾಲನ್ನೇ ಎತ್ತಿಕೊಂಡು ಭಯಂಕರವಾಗಿ ಕಿರುಚಿದರು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡು ನಗತೊಡಗಿದರು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದು, ಹಾಗಲ್ಲ ಎಂದು ತಲೆಯಾಡಿಸಿ, ಆ ಸಾಲನ್ನು ಇನ್ನೊಮ್ಮೆ ಹಾಡಿದೆ. ಹಾರ್ಮೋನಿಯಂನವರು ಮುಚ್ಚಿದ ಪೆಟ್ಟಿಗೆ ತೆರೆದು ಬೆರಳು ಓಡಿಸಿ ಓಡಿಸಿ ನನ್ನ ಸ್ವರ ಹಿಡಿದರು. ಯಾರೂ ಕೇಳದ ಒನ್ಸ್ ಮೋರನ್ನು ನಾನೇ ತೆಗೆದುಕೊಂಡೆ. ಈ ಸಲ ಚಪ್ಪಾಳೆ ಬಂತು.

ಒಳಗೆ ಬಂದಾಗ ಮಾಸ್ಟ್ರು ಒಂದೇ ಮಾತು ಹೇಳಿದರು: "ಅದು ಇರ್ಲಿ." ಅದೂ ಉಳಿಯಿತು, ನಾನೂ ಉಳಿದೆ. ಟ್ರಂಕು ಮಂಚದ ಕೆಳಗೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಕಂಪನಿ ಮತ್ತೆ ಗದಗಿನಲ್ಲಿ ಟೆಂಟು ಹಾಕಿತು, ಅವ್ವನೂ ವೇಷದ ಬಟ್ಟೆ ಹೊಲಿಯಲು ಮರಳಿದಳು. ಅವ್ವನನ್ನು ನೋಡಲು ಹೋದವಳಿಗೆ ವೀರಪ್ಪ ಕಾಕಾ ಹಳೆಯ ಪಾತ್ರವನ್ನೇ ಒಂದು ಆಟಕ್ಕೆ ಕೊಡಿಸಿದ. ಹಾಡು ಮುಗಿಸಿದವಳೇ ನೇರ ಮುಂದಿನ ಮಾತಿಗೆ ಹೋದೆ. ಎರಡು ವಾಕ್ಯ ಆದ ಮೇಲೆ ಕಿವಿಗೆ ಬಿತ್ತು, ಟೆಂಟೆಲ್ಲ "ಒನ್ಸ್ ಮೋರ್" ಎಂದು ಕೂಗುತ್ತಿದೆ. ಕಾಕಾ ಷಡ್ಜದ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ.

"ಏನವ್ವಾ, ಮಂದಿ ಒದರಾಕ ಹತ್ಯಾರ. ಎಲ್ಲಿಗೆ ಹೊಂಟಿ?" ಎಂದ, ಅಲ್ಲಿಂದಲೇ.

ತಿರುಗಿ ಬಂದು ನಿಂತು ಇನ್ನೊಮ್ಮೆ ಹಾಡಿದೆ. ಜನ ಕುಣಿದಾಡಿದರು. ಅವ್ವ ಪರದೆಯ ಸಂದಿಯಲ್ಲಿ ಅಳುತ್ತಿದ್ದಳು. ಹಾಡು ಮುಗಿಯಿತು, ಕೂಗು ನಿಂತಿತು. ನಾನು ಇನ್ನೂ ಅಲ್ಲೇ ನಿಂತಿದ್ದೆ, ಪಕ್ಕದ ಕುರ್ಚಿಯಿಂದ ಯಾರಾದರೂ ಬಸ್ಸಿನ ಮಾತು ಕೇಳಲಿ ಎಂದು.