ಬಾಬಾಲಾಲ ಚಾಚಾರ ವಿಲಾಯತಿ ನಗು

ಬಾಬಾಲಾಲ ಚಾಚಾ ನಗುವಾಗ ಸದ್ದೇ ಬರುತ್ತಿರಲಿಲ್ಲ. ಭುಜಗಳು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತಿತ್ತು. ಬೋರಗಾಂವದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹನ್ನೆರಡು ಪವರ್‌ಲೂಮ್‌ಗಳು ಒಟ್ಟಿಗೆ ಓಡುವಾಗ ಸದ್ದು ಮಾಡಿ ನಕ್ಕರೂ ಯಾರಿಗೆ ಕೇಳಬೇಕು? ಅವರು ಆ ಮಗ್ಗಗಳ ಜಾಬರ್, ಅಂದರೆ ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ಮಿಸ್ತ್ರಿ. ವರ್ಷಗಟ್ಟಲೆ ಆ ಗದ್ದಲದಲ್ಲಿ ನಿಂತು ಕಿವಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಎದುರು ನಿಂತು ತುಟಿ ಕಾಣುವಂತೆ ಜೋರಾಗಿ ಹೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು.

ಇಂಥವರಿಗೆ ಹಿಡಿದ ಹುಚ್ಚು ಇಂಗ್ಲೆಂಡಿನ ಟೀವಿ ಕಾಮಿಡಿಯದು.

ಒಮ್ಮೆ ಮಗ್ಗದ ಸಾಮಾನು ತರಲು ಇಚಲಕರಂಜಿಗೆ ಹೋದವರು ಗುಜರಿ ಅಂಗಡಿಯಿಂದ ಹಳೆಯ ಪ್ಲೇಯರ್ ಒಂದನ್ನೂ ಅದರ ಜೊತೆಗೆ ಒಂದು ಚೀಲ ಡಿಸ್ಕುಗಳನ್ನೂ ಹೊತ್ತು ತಂದಿದ್ದರು. ಹಾಕಿ ನೋಡಿದರೆ ಎಲ್ಲವೂ ಇಂಗ್ಲೆಂಡಿನ ಕಾಮಿಡಿ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮಾತು. ಚಾಚಾ ಮರಾಠಿ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವರು. ಹಿಂದಿ ಸಿನಿಮಾ ಅವರ ಪಾಲಿಗೆ ಯಾವತ್ತೋ ಮೂಕವಾಗಿತ್ತು. ಇಲ್ಲಿ ಮಾತು ಕಣ್ಣಿಗೆ ಕಾಣುತ್ತಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದರು. ತಿಳಿಯದ ಶಬ್ದವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡುವುದು, ಹೈಸ್ಕೂಲಿನಿಂದ ಬಂದ ನಾನು ಡಿಕ್ಷನರಿ ತೆಗೆದು ಪಕ್ಕದಲ್ಲಿ ಅರ್ಥ ಬರೆಯುವುದು, ಇದು ನಮ್ಮ ದಿನದ ಕೆಲಸವಾಯಿತು. ಅಪ್ಪ ಗೋಡೆ ಹೊಲಸಾಯಿತೆಂದು ಗೊಣಗುತ್ತಿದ್ದ. ಇವತ್ತು ಚಿಕ್ಕೋಡಿಯಲ್ಲಿ ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದರೆ ಅದಕ್ಕೆ ಆ ಗೋಡೆಯೇ ಕಾರಣ.

ಕರೆಂಟು ಹೋಗಿ ಮಗ್ಗ ನಿಂತಾಗ ನೇಕಾರರೆಲ್ಲ ಹೊರಗೆ ಬೇವಿನ ನೆರಳಿಗೆ ಬರುತ್ತಿದ್ದರು. ಆಗ ಚಾಚಾ ಹಿಂದಿನ ದಿನ ನೋಡಿದ್ದನ್ನು ಹೇಳಬೇಕು. ಅವರ ಬಾಯಲ್ಲಿ ಲಾರ್ಡ್ ಸಾಹೇಬರು ಇನಾಮದಾರರಾಗುತ್ತಿದ್ದರು, ಲಂಡನ್ನಿನ ಬಸ್ಸು ನಿಪ್ಪಾಣಿ ಸ್ಟ್ಯಾಂಡಿನಿಂದ ಬಿಡುತ್ತಿತ್ತು. ಇದರಲ್ಲಿ ನಗುವಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಿತ್ತು:

"ಆ ಮಂದಿ ಕೆಸರಾಗ ಬಿದ್ರೂ ಎದ್ದ ಟೊಪಗಿ ಸರಿ ಮಾಡ್ಕೊಂಡು, ಇವತ್ತ ಹವಾ ಚಲೋ ಐತಿ ನೋಡ್ರಿ ಅಂತಾರ. ಬಿದ್ದದ್ದಕ್ಕ ನಗಬ್ಯಾಡ್ರಿ. ಆ ಟೊಪಗಿಗೆ ನಗ್ರಿ."

ಅವರಿಗೆ ಎಲ್ಲರಿಗಿಂತ ಇಷ್ಟವಾದವನು ಉದ್ದ ಮುಖದ ಒಬ್ಬ ನಟ. ಚಾಚಾ ಅವನಿಗೆ ಇಟ್ಟ ಹೆಸರು ಲಾಂಬ್ ಸಾಹೇಬ, ಮರಾಠಿಯಲ್ಲಿ ಉದ್ದನೆಯ ಸಾಹೇಬ. ಆತ ಒಮ್ಮೆಯೂ ನಗುವುದಿಲ್ಲ ಎಂಬುದು ಚಾಚಾರಿಗೆ ದೊಡ್ಡ ಹೆಮ್ಮೆ, ತಾವೇ ತರಬೇತಿ ಕೊಟ್ಟವರಂತೆ.

ಆ ನಟ ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಚಾಚಾರ ಫೋನಿನ ಪರದೆಯ ಮೇಲೆ ಬಂತು. ಚಾಚಾ ಕೆಲಸಕ್ಕೆ ಬರಲಿಲ್ಲ. ತಲೆಗೆ ಟೊಪ್ಪಿಗೆ ಹಾಕಿಕೊಂಡು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತುಬಿಟ್ಟರು. ಅಪ್ಪ ವಿಚಾರಿಸಲು ಹೋದಾಗ ಅವರ ಹೆಂಡತಿ ಹಾಜರಾ ಚಾಚಿ ನಾಚಿಕೆಯಿಂದ, ಯಾರೋ ದೂರದವರು ತೀರಿಕೊಂಡಿದ್ದಾರೆ ಎಂದಷ್ಟೇ ಹೇಳಿದರು. ಅಷ್ಟು ಸಾಕಾಯಿತು. ದುಃಖದ ಮನೆಯಲ್ಲಿ ಒಲೆ ಹಚ್ಚಿರಲಿಕ್ಕಿಲ್ಲವೆಂದು ಮಧ್ಯಾಹ್ನದೊಳಗೆ ಮೂರು ಮನೆಗಳಿಂದ ರೊಟ್ಟಿ, ಪಲ್ಯ ಬಂದವು. ಓಣಿಯ ಹಿರಿಯ ರಾಯಪ್ಪಜ್ಜ ಬಂದು ಪಕ್ಕದಲ್ಲಿ ಕುಳಿತು, ಸತ್ತವರದು ಯಾವ ಊರು ಎಂದು ಕಿವಿಯ ಹತ್ತಿರ ಕೂಗಿ ಕೇಳಿದ. ಚಾಚಾ ಇಂಗ್ಲೆಂಡ್ ಎಂದರು. ಅಜ್ಜ ಬೆರಳು ಮಡಚಿ ದೂರ ಲೆಕ್ಕ ಹಾಕಿದ.

"ಅಷ್ಟ ದೂರ ಮಣ್ಣಿಗೆ ಹೋಗೂದ ಆಗಂಗಿಲ್ಲ ಬಿಡು ಬಾಬಾಲಾಲ," ಎಂದು ಹೆಗಲ ಮೇಲೆ ಕೈಯಿಟ್ಟ.

ಸುಳ್ಳು ದುಃಖಕ್ಕೆ ಓಣಿಯವರ ಅನ್ನ ತಿಂದೆವಲ್ಲ ಎಂದು ಚಾಚಿ ಎಂಟು ದಿನ ಗಂಡನ ಮೇಲೆ ಸಿಟ್ಟಾಗಿದ್ದರು. ಚಾಚಾರಿಗೆ ಅದು ಸುಳ್ಳೆಂದು ಅನಿಸಲೇ ಇಲ್ಲ. ಇಷ್ಟು ವರ್ಷ ದಿನಾ ಸಂಜೆ ಟೀವಿಯಲ್ಲಿ ತಮ್ಮ ಮನೆಗೆ ಬರುತ್ತಿದ್ದವನು ಸತ್ತರೆ ಮತ್ತೇನು ಮಾಡಬೇಕು ಎಂದು ನನ್ನನ್ನೇ ಕೇಳಿದರು.

ನನಗೆ ನೌಕರಿ ಸಿಕ್ಕ ಮೇಲೆ ಹಟ ಹಿಡಿದು ಚಾಚಾರನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ ಕಿವಿಯ ಮಷೀನು ಹಾಕಿಸಿದೆ. ಅವತ್ತು ಸಂಜೆ ಅವರ ಮನೆಯಲ್ಲೇ ಇದ್ದೆ. ಲಾಂಬ್ ಸಾಹೇಬರ ದನಿ ಕೇಳುವ ಆಸೆಯಿಂದ ಟೀವಿ ಹಚ್ಚಿದರು. ಒಂದು ನಿಮಿಷವೂ ಆಗಿರಲಿಲ್ಲ, ಬೆಚ್ಚಿಬಿದ್ದು ಅದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದರು.

"ಯಾರ ನಗಾಕತ್ತಾರ?"

ಅದು ಹೊರಗಿನ ನಗುವಲ್ಲ, ನಾಟಕ ಆಡುವಾಗ ಎದುರು ಕುಳಿತ ಜನರ ನಗು, ಅದನ್ನೂ ಸೇರಿಸಿ ತೆಗೆದಿರುತ್ತಾರೆ ಎಂದು ವಿವರಿಸಿದೆ.

"ಮೊದಲಿಂದನೂ ಐತೇನು?"

"ಮೊದಲಿಂದನೂ ಐತ್ರಿ ಚಾಚಾ."

ಅವರು ಕಿವಿಯ ಮಷೀನನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಇಷ್ಟ ವರ್ಷ ನಾ ಒಬ್ಬನ ನಗತೇನಿ ಅಂತ ತಿಳಕೊಂಡಿದ್ದೆ, ಬೇಟಾ," ಎಂದರು.

ಆದರೆ ಅವರ ಸಂಕಟ ಎರಡೇ ದಿನದಲ್ಲಿ ತಕರಾರಾಗಿ ಬದಲಾಯಿತು. ಆ ಜನ ತಪ್ಪು ಜಾಗದಲ್ಲಿ ನಗುತ್ತಾರಂತೆ, ನಿಜವಾಗಿ ನಗಬೇಕಾದಲ್ಲಿ ಸುಮ್ಮನಿರುತ್ತಾರಂತೆ. ಬೇಸತ್ತು ಮಷೀನನ್ನು ಡಬ್ಬಿಯಲ್ಲಿಟ್ಟರು. ಅದನ್ನು ಹೊರಗೆ ತೆಗೆಸಿದವರು ಚಾಚಿ. ಓದು ಬಾರದ ಅವರು ಇಷ್ಟು ವರ್ಷ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದರು, ಆದರೆ ಆತ ಏನೆಂದ ಎಂದು ಕೇಳಿದರೆ ಗಂಡನಿಗೆ ಕೇಳಿಸುತ್ತಿರಲಿಲ್ಲ. ಈಗ ಕೇಳಿಸುತ್ತಿತ್ತು. ಚಾಚಿ ಪಕ್ಕದಲ್ಲಿ ಕುಳಿತು ಒಂದೊಂದು ಮಾತಿಗೂ ಪ್ರಶ್ನೆ ಹಾಕುವುದು, ಚಾಚಾ ನಿಲ್ಲಿಸಿ ನಿಲ್ಲಿಸಿ ಹೇಳುವುದು. ಅರ್ಧ ತಾಸಿನ ಕಾಮಿಡಿ ಎರಡು ತಾಸು ಹಿಡಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರಿಗೆ ಉಸಿರಿನ ತೊಂದರೆ ಜೋರಾಯಿತು. ತೀರಿಕೊಳ್ಳುವ ನಾಲ್ಕು ದಿನ ಮೊದಲು, ಒಂದು ರವಿವಾರ, ನೋಡಲು ಹೋಗಿದ್ದೆ. ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡವರೇ ಒಂದು ಕಥೆ ಶುರುಮಾಡಿದರು. ಒಂದೇ ಖೋಲಿಯಲ್ಲಿ ಇಬ್ಬರು ಮುದುಕ ಗುಮಾಸ್ತರು. ಒಂದು ಚಹಾದ ಕಿಟ್ಲಿಗಾಗಿ ಜಗಳವಾಡಿ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಒಂದು ದಿನ ಅವರಲ್ಲೊಬ್ಬನಿಗೆ ಜ್ವರ ಬರುತ್ತದೆ. ಅಲ್ಲಿಗೆ ಬಂದು ಚಾಚಾ ನಿಂತರು. ಮುಂದಿನದು ನೆನಪಾಗಲಿಲ್ಲ. ಹಣೆ ಉಜ್ಜಿಕೊಂಡರು, ಚಾಚಿಯ ಕಡೆ ನೋಡಿದರು, ಕೊನೆಗೆ ನನ್ನನ್ನು ಕೇಳಿದರು.

"ಮುಂದ ಏನಾತ ಬೇಟಾ?"

ನಾನು ಅದನ್ನು ನೋಡಿರಲಿಲ್ಲ. ಆದರೂ ಹೇಳಿದೆ. ಇನ್ನೊಬ್ಬ ಮುದುಕ ಎದ್ದು ಅದೇ ಕಿಟ್ಲಿಯಲ್ಲಿ ಚಹಾ ಕಾಸಿ ಎರಡು ಕಪ್ಪಿಗೆ ಹಾಕಿದ, ಒಂದನ್ನು ಜ್ವರದವನ ತಲೆದೆಸೆಗಿಟ್ಟ, ಬಾಯಿ ಮಾತ್ರ ಬಿಡಲಿಲ್ಲ. ಜ್ವರದವನು ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದ.

ಚಾಚಾ ಕಣ್ಣು ಮುಚ್ಚಿ ಅದನ್ನು ತೂಗಿ ನೋಡಿದರು.

"ಹಂಗಿಲ್ಲ ಅದು," ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು, "ಇರಲಿ. ನಿಂದ ಛಂದ ಐತಿ. ನಾಳೆ ಯಾರರೆ ಕೇಳಿದ್ರ ನಾನೂ ಹಿಂಗ ಹೇಳತೇನಿ," ಎಂದರು.